ಸೆಕೆಂಡ್‌ಹ್ಯಾಂಡ್ ಕಿಲ್ಟ್ ಜಾಕೆಟ್ ತಗೊಂಡಿದ್ದೇನೆ, ಮಾಮೂಲಿ ಓಡಾಟಕ್ಕೆ ಹೊಂದಿಸೋದು ಹೇಗೆ?

ಮಲೆನಾಡು_ಟು_ಎಡಿನ್‌ಬರಾ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಸ್ಕಾಟ್ಲೆಂಡಿಗೆ ಬಂದು ನಾಲ್ಕು ವರ್ಷ ಆಯ್ತು. ಆಫೀಸಿನವರ ಮದುವೆ, ಕೇಲಿ ಅನ್ನೋ ಇಲ್ಲಿನ ಜಾನಪದ ಕುಣಿತ ಅಂತ ಹೋಗಿ ಹೋಗಿ ಹೋದ ವರ್ಷ ಒಂದು ಕಿಲ್ಟ್ (ಇಲ್ಲಿನ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ, ಮೊಣಕಾಲವರೆಗಿನ ನೆರಿಗೆಯ ಉಡುಪು) ಕೊಂಡೆ, ಆದರೆ ಜಾಕೆಟ್ ಮಾತ್ರ ಪ್ರತಿ ಸಲ ಬಾಡಿಗೆಗೆ ತರುತ್ತಿದ್ದೆ. ಮೊನ್ನೆ ಸ್ಟಾಕ್‌ಬ್ರಿಜ್‌ನ ಚಾರಿಟಿ ಅಂಗಡಿಯೊಂದರಲ್ಲಿ ಕಪ್ಪು ಉಣ್ಣೆಯ ಜಾಕೆಟ್ 30 ಪೌಂಡಿಗೆ ಸಿಕ್ಕಿತು. ಎದೆಗೆ ಸರಿಯಾಗಿದೆ, ಸೊಂಟದ ಹತ್ತಿರ ದೊಗಲೆ, ತೋಳು ಅರ್ಧ ಇಂಚು ಉದ್ದ. ಭುಜದ ಮೇಲೆ ಪಟ್ಟಿ, ಎಲ್ಲಿ ನೋಡಿದರೂ ಬೆಳ್ಳಿ ಬಣ್ಣದ ಗುಂಡಿ. ಮನೆಯಲ್ಲಿ ಹಾಕಿ ತೋರಿಸಿದರೆ ಹೆಂಡತಿ "ಮದುವೆ ಬ್ಯಾಂಡ್‌ಸೆಟ್‌ನವರ ಥರ ಕಾಣ್ತೀರಿ, ಕ್ಲಾರಿನೆಟ್ ಒಂದು ಕಮ್ಮಿ" ಅಂದಳು. ಭಾನುವಾರ ಕಿಲ್ಟ್ ಜೊತೆ, ಆಗಾಗ ಜೀನ್ಸ್ ಜೊತೆಗೂ ಹಾಕುವ ಹಾಗೆ ಸಾದಾ ಮಾಡಬಹುದಾ?

ಗ್ಲಾಸ್ಗೋ_ಗೌಡ್ರು:
ಮೊದಲು ಅದು ಯಾವ ಜಾಕೆಟ್ ಅಂತ ನೋಡಿ ಗುರು. ಹಿಂದೆ ಚಿಕ್ಕ ಬಾಲದ ಥರ ಇಳಿಬಿದ್ದಿದ್ದು, ಕಾಲರಿನ ಮಡಿಕೆಗೆ ಸ್ಯಾಟಿನ್ ಇದ್ದು, ಮುಂದೆ ಗುಂಡಿ ಇದ್ದರೂ ಮುಚ್ಚಲು ಬರದಿದ್ದರೆ ಅದು ಪ್ರಿನ್ಸ್ ಚಾರ್ಲಿ. ವೇಸ್ಟ್‌ಕೋಟ್ ಜೊತೆ ಸಂಜೆಯ ಸಮಾರಂಭಕ್ಕೆ ಹಾಕುವ ಜಾಕೆಟ್ ಅದು. (ಹೆಸರು 1745ರಲ್ಲಿ ಇಲ್ಲಿ ದಂಗೆ ಎಬ್ಬಿಸಿದ ರಾಜಕುಮಾರ ಚಾರ್ಲಿಯದ್ದು, ಜಾಕೆಟ್ ಬಂದದ್ದು ಮಾತ್ರ 20ನೇ ಶತಮಾನದಲ್ಲಿ. ಆ ಮನುಷ್ಯ ಇದನ್ನು ಕಣ್ಣಲ್ಲೂ ಕಂಡಿರಲಿಲ್ಲ.) ಅದಾಗಿದ್ದರೆ ಕತ್ತರಿ ಮುಟ್ಟಿಸಬೇಡಿ, ಹಾಗೇ ಇಟ್ಟುಕೊಳ್ಳಿ, ಇಲ್ಲಾಂದ್ರೆ ಮಾರಿಬಿಡಿ. ಬಾಲ ಇಲ್ಲದೆ, ಜೇಬಿಗೆ ಮುಚ್ಚಳ ಇದ್ದು, ಮುಂದೆ ಗುಂಡಿ ಹಾಕಲು ಬಂದರೆ ಆರ್ಗೈಲ್. ಅದನ್ನು ಸಾದಾ ಮಾಡುವುದು ಸುಲಭ.

ಜೀನ್ಸ್ ಆಸೆ ಬಿಡಿ. ಕಿಲ್ಟ್ ಕಟ್ಟುವುದು ಹೊಕ್ಕುಳ ಮಟ್ಟಕ್ಕೆ, ಅದಕ್ಕೇ ಈ ಜಾಕೆಟ್‌ಗಳು ಗಿಡ್ಡ. ಮುಂದಿನ ಅಂಚನ್ನು ಕಿಲ್ಟ್ ಮುಂದೆ ತೂಗುವ ಸ್ಪೊರನ್ ಚೀಲ ಕಾಣಲಿ ಅಂತ ದುಂಡಗೆ ಕತ್ತರಿಸಿರುತ್ತಾರೆ. ಜೀನ್ಸ್ ನಿಲ್ಲುವುದು ಅದಕ್ಕಿಂತ ಎಷ್ಟೋ ಕೆಳಗೆ. ನಡುವೆ ಶರ್ಟು ಇಣುಕುತ್ತದೆ, ತಮ್ಮನ ಕೋಟು ಎತ್ತಿ ಹಾಕಿಕೊಂಡ ಹಾಗೆ. ನಾನೇ ಹಾಗೆ ಒಂದು ಪಬ್‌ಗೆ ಹೋಗಿ ಇಡೀ ಸಂಜೆ ಕೂತೇ ಇದ್ದೆ.

ದರ್ಜಿ_ಮನೆ_ಮಗಳು:
ಅಪ್ಪ ದಾವಣಗೆರೆಯಲ್ಲಿ ಕೋಟು ಹೊಲಿಯುತ್ತಿದ್ದರು, ನಾನು ಈಗ ಅಬರ್ಡೀನ್‌ನಲ್ಲಿ ಆಲ್ಟರೇಷನ್ ಮಾಡುತ್ತೇನೆ. ಆರ್ಗೈಲ್ ಅಂತಲೇ ಇಟ್ಟುಕೊಂಡು ಹೇಳುತ್ತೇನೆ ಅಣ್ಣ.

ಗುಂಡಿ ಬದಲಾಯಿಸಿ. ಅರ್ಧ ಕೆಲಸ ಅದರಲ್ಲೇ ಮುಗಿಯುತ್ತದೆ. ಟ್ವೀಡ್ (ಒರಟು ಉಣ್ಣೆ ಬಟ್ಟೆ) ಜಾಕೆಟ್‌ಗೆ ಹಾಕುವ ಕೊಂಬಿನ ಗುಂಡಿ ಕಪ್ಪಿಗೂ ಒಪ್ಪುತ್ತದೆ. ತಗೊಳ್ಳುವ ಮೊದಲು ಎಣಿಸಿ, ಮುಂದಿನದು ದೊಡ್ಡದು, ತೋಳಿನದು ಜೇಬಿನದು ಚಿಕ್ಕದು. ಬೆಳ್ಳಿ ಗುಂಡಿಗೆ ಹಿಂದೆ ಕೊಂಡಿ ಇರುತ್ತದೆ, ಕೊಂಬಿನದು ಚಪ್ಪಟೆ. ಹಾಗಾಗಿ ಮುಂದಿನ ಗುಂಡಿ ಹಾಕುವಾಗ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು ಹೊಲಿಯಿರಿ. ಆಮೇಲೆ ಕಡ್ಡಿ ಎಳೆದು, ಗುಂಡಿ ಎತ್ತಿ ಹಿಡಿದು, ಅಡಿಯ ದಾರಕ್ಕೆ ನಾಲ್ಕೈದು ಸುತ್ತು ಸುತ್ತಿ ಗಂಟು ಹಾಕಿ. ಇಲ್ಲಾಂದ್ರೆ ದಪ್ಪ ಉಣ್ಣೆಗೆ ಜಾಗ ಸಾಲದೆ ಕಾಜಾ ಹತ್ತಿರ ಸುಕ್ಕು ಬೀಳುತ್ತದೆ. ಹಳೇ ಗುಂಡಿ ಡಬ್ಬಿಯಲ್ಲಿಡಿ, ಮುಂದೆ ಮದುವೆ ಬಂದರೆ ವಾಪಸ್ ಹಾಕಬಹುದು.

ಭುಜದ ಪಟ್ಟಿಯ ಒಂದು ತುದಿ ಕಾಲರ್ ಹತ್ತಿರ ಗುಂಡಿಗೆ ಸಿಕ್ಕಿರುತ್ತದೆ, ಇನ್ನೊಂದು ತೋಳಿನ ಹೊಲಿಗೆಯೊಳಗೆ ಹೋಗಿರುತ್ತದೆ. ಸುಮ್ನೆ ಕತ್ತರಿಸಿ ಎಳೆಯಬೇಡಿ. ಒಳಗಿನ ಅಸ್ತರ್ ಬಿಚ್ಚಿ, ತೋಳಿನ ಮೇಲ್ಭಾಗದ ಹೊಲಿಗೆ ಅಷ್ಟೇ ತೆರೆದು ತೆಗೆಯಬೇಕು. ಅದಕ್ಕೂ ಮೊದಲು ಗುಂಡಿ ಬಿಚ್ಚಿ ಪಟ್ಟಿ ಎತ್ತಿ ಬಿಸಿಲಲ್ಲಿ ನೋಡಿ. ಅಡಿಯ ಬಟ್ಟೆ ಜಾಸ್ತಿ ಕಪ್ಪಗಿದ್ದರೆ ಪಟ್ಟಿ ತೆಗೆದ ಮೇಲೂ ಅದರ ಗುರುತು ಉಳಿಯುತ್ತದೆ.

ಸೊಂಟ ಬಿಗಿ ಮಾಡುವುದು ಕಷ್ಟವಲ್ಲ, ಪಕ್ಕದ ಹೊಲಿಗೆಗಳಲ್ಲಿ ಒಳಗೆ ತೆಗೆದುಕೊಂಡರಾಯ್ತು. ತೋಳು ಮಾತ್ರ ನಾನಾಗಿದ್ದರೆ ಮುಟ್ಟುವುದಿಲ್ಲ. ಗುಂಡಿ ಸಾಲು, ಮಡಿಕೆ ಎಲ್ಲಾ ತುದಿಯಲ್ಲೇ ಇರುವುದರಿಂದ ಭುಜದ ಕಡೆಯಿಂದ ಗಿಡ್ಡ ಮಾಡಬೇಕು, ಅದಕ್ಕೆ ನೀವು ಜಾಕೆಟ್‌ಗೆ ಕೊಟ್ಟ ದುಡ್ಡಿಗಿಂತ ಜಾಸ್ತಿ ಕೂಲಿ ಆಗುತ್ತದೆ. ಅರ್ಧ ಇಂಚು ಯಾರಿಗೂ ಕಾಣುವುದಿಲ್ಲ.

ಉಣ್ಣೆ_ಪ್ರೇಮಿ:
ಅಕ್ಕ ಹೇಳಿದ್ದು ನಿಜ. ನಾನು ರಜೆಗೆ ಊರಿಗೆ ಹೋದಾಗ ಕಡಿಮೆ ಖರ್ಚು ಅಂತ ಒಬ್ಬರ ಹತ್ತಿರ ತೋಳು ಗಿಡ್ಡ ಮಾಡಿಸಿದೆ. ಅವರು ಕೆಳಗಿನಿಂದಲೇ ಕತ್ತರಿಸಿಬಿಟ್ಟರು, ಮೂರು ಗುಂಡಿಯ ಸಾಲಿನಲ್ಲಿ ಎರಡೇ ಉಳಿಯಿತು. ಸಾಲದ್ದಕ್ಕೆ ಬಟ್ಟೆ ಹಾಸದೆ ನೇರ ಇಸ್ತ್ರಿ ಒತ್ತಿ ಮೊಣಕೈ ಹತ್ತಿರ ಹೊಳಪು ಬಂತು. ಒದ್ದೆ ಹತ್ತಿ ಬಟ್ಟೆ ಹಾಸಿಯೇ ಇಸ್ತ್ರಿ ಮಾಡಿ, ಹಳೇ ಪಂಚೆ ತುಂಡು ಆದರೂ ಸಾಕು.

ಇನ್ನೊಂದು ಮಾತು, ಕಾಲರ್ ಅಡಿ ಮತ್ತು ಕಂಕುಳಲ್ಲಿ ನುಸಿ ತಿಂದ ತೂತು ಇದೆಯಾ ನೋಡಿ. ಅನುಮಾನ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರ್‌ನಲ್ಲಿಡಿ, ಬೀರುವಿನ ಬೇರೆ ಉಣ್ಣೆ ಬಟ್ಟೆಯಾದರೂ ಉಳಿಯುತ್ತದೆ.

ಗ್ಲಾಸ್ಗೋ_ಗೌಡ್ರು:
ಭಾನುವಾರಕ್ಕೇ ಬೇಕು ಅಂದ್ರೆ ಇನ್ನೊಂದು ದಾರಿ ಇದೆ. ಅದೇ ಅಂಗಡಿಗಳಲ್ಲಿ ಮಾಮೂಲಿ ಟ್ವೀಡ್ ಕೋಟು ಸಿಗುತ್ತದೆ. ಕೆಳಗಿನ ಅಂಚು ಗಿಡ್ಡ ಮಾಡಿಸಿ, ಮುಂಭಾಗ ದುಂಡಗೆ ತೆಗೆಸಿದರೆ ಕಿಲ್ಟ್ ಜಾಕೆಟ್ಟೇ ಆಗುತ್ತದೆ, ಇಲ್ಲಿ ಎಷ್ಟೋ ಜನ ಮಾಡುತ್ತಾರೆ. ಜೇಬಿನ ಚೀಲ ಎಲ್ಲಿಗೆ ಮುಗಿಯುತ್ತದೆ ನೋಡಿಕೊಳ್ಳಿ, ಅದಕ್ಕಿಂತ ಮೇಲೆ ಕತ್ತರಿಸಲು ಬರುವುದಿಲ್ಲ.

ಮಲೆನಾಡು_ಟು_ಎಡಿನ್‌ಬರಾ:
ಎಲ್ಲರಿಗೂ ಥ್ಯಾಂಕ್ಸ್. ಆರ್ಗೈಲೇ, ಬಾಲ ಇಲ್ಲ. ಗುಂಡಿ ಎಣಿಸಿದೆ: ಮುಂದೆ 1, ತೋಳಿಗೆ 6, ಜೇಬಿಗೆ 6, ಭುಜಕ್ಕೆ 2, ಒಟ್ಟು 15. ಬೆಂಕಿಕಡ್ಡಿ ಉಪಾಯದಿಂದ ಮೊದಲನೆಯದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು, ಆಮೇಲೆ ಕೈ ಕೂತಿತು. ಪಟ್ಟಿ ಎತ್ತಿ ನೋಡಿದರೆ ಅಡಿಯಲ್ಲಿ ಅಚ್ಚ ಕಪ್ಪು, ಸುತ್ತ ಕಂದುಗಪ್ಪು, ಹಾಗಾಗಿ ಅದನ್ನು ಹಾಗೇ ಬಿಟ್ಟಿದ್ದೇನೆ. ಒಳಗೆ ಬೂದು ಸ್ವೆಟರ್, ಕೆಳಗೆ ಕಿಲ್ಟ್, ಕಾಲಿಗೆ ದಪ್ಪ ಬೂಟ್ಸು ಹಾಕಿ ಆರ್ಥರ್ಸ್ ಸೀಟ್ ಗುಡ್ಡದ ಕಡೆ ಒಂದು ಸುತ್ತು ಹೋಗಿ ಬಂದೆ. ಹೆಂಡತಿ ಈ ಸಲ ಬ್ಯಾಂಡ್‌ಸೆಟ್ ಅನ್ನಲಿಲ್ಲ, "ಬಸ್ ಕಂಡಕ್ಟರ್" ಅಂದಳು.