ಅಪ್‌ಡೇಟ್: ತಂಗಿಗೆ ಸೂಜಿ ಚುಚ್ಚಿದ ವಿಷಯ, ಹೆಪಟೈಟಿಸ್ ಬಿ ಲಸಿಕೆಯೂ ಶುರುವಾಯ್ತು

ಮಂಗಳೂರಲ್ಲಿ ಕೆಲಸದ ಜಾಗದ ಕಸ ಕಟ್ಟುವಾಗ ತಂಗಿಯ ಬೆರಳಿಗೆ ಯಾರೋ ಬಳಸಿದ ಸೂಜಿ ಚುಚ್ಚಿದೆ, ಎಚ್‌ಐವಿ ಭಯ, ಏನು ಮಾಡೋದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

"ಎಚ್‌ಐವಿ ತಡೆಯೋ ಮಾತ್ರೆ ಶುರು ಮಾಡೋಕೆ 72 ಗಂಟೆ ಇದೆ ಅಂತ ಕಾಯಬೇಡಿ, ಈಗಲೇ ವೆನ್ಲಾಕ್ ಸರ್ಕಾರಿ ಆಸ್ಪತ್ರೆಗೆ ಹೊರಡಿ" ಅಂದವರ ಮಾತೇ ಕೈಹಿಡಿಯಿತು. ಮಾತ್ರೆ ಅವತ್ತೇ ಶುರು, 28 ದಿನದ ಕೋರ್ಸ್. ಬೆರಳು ಹಿಂಡಿ ಡೆಟಾಲ್ ಸುರಿಯೋ ಸಲಹೆಯನ್ನು ಡಾಕ್ಟರ್ ಬೇಡವೇ ಬೇಡ ಅಂದರು. ಸೋಪು, ನಲ್ಲಿ ನೀರು ಸಾಕಂತೆ.

ನಾವು ಯೋಚಿಸಿಯೇ ಇರದಿದ್ದದ್ದು ಹೆಪಟೈಟಿಸ್ ಬಿ, ಅಂದರೆ ಲಿವರ್‌ಗೆ ತಗಲುವ ವೈರಸ್ ಸೋಂಕು. ಸೂಜಿಯಿಂದ ಅದು ಎಚ್‌ಐವಿಗಿಂತ ಎಷ್ಟೋ ಸುಲಭವಾಗಿ ಹರಡುತ್ತೆ, ಒಣಗಿದ ರಕ್ತದಲ್ಲೂ ವಾರದವರೆಗೆ ಬದುಕಿರುತ್ತೆ. ಹಾಗಾಗಿ ಆ ಸೋಂಕು ಮೊದಲೇ ಇದೆಯಾ ಅಂತ ನೋಡೋ ಎಚ್‌ಬಿಎಸ್‌ಎಜಿ ಟೆಸ್ಟ್‌ಗೂ ರಕ್ತ ತೆಗೆದರು. ಇನ್ನೊಂದು ಕಾರಣ: ಮಾತ್ರೆಯಲ್ಲಿರುವ ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಆ ವೈರಸ್ ಮೇಲೂ ಕೆಲಸ ಮಾಡುತ್ತವೆ. ಮೊದಲೇ ಸೋಂಕಿದ್ದವರು ಕೋರ್ಸ್ ಮುಗೀತು ಅಂತ ಹಾಗೇ ನಿಲ್ಲಿಸಿದರೆ ಲಿವರ್‌ಗೆ ತೊಂದರೆ ಜೋರಾಗಬಹುದು. ಇದು ಗೊತ್ತೇ ಇರಲಿಲ್ಲ. ಪುಣ್ಯಕ್ಕೆ ತಂಗಿಯದು ನೆಗೆಟಿವ್.

ಹಳೇ ಲಸಿಕೆಯ ದಾಖಲೆ ಇಲ್ಲ, ಹಾಗಾಗಿ ಮೊದಲ ಡೋಸ್ ತೋಳಿಗೆ ಹಾಕಿಯೇ ಕಳಿಸಿದರು. ಮುಂದಿನದು 1 ತಿಂಗಳಿಗೆ, ಆಮೇಲೆ 6ನೇ ತಿಂಗಳಿಗೆ. ಇಂಥ ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಇದನ್ನು ಹಾಕಿಸಬೇಕಿತ್ತು, ನನಗೆ ಅದೇ ಸಂಕಟ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಟೈಟರ್ ಟೆಸ್ಟ್ (ಲಸಿಕೆಯಿಂದ ರಕ್ತದಲ್ಲಿ ಎಷ್ಟು ಪ್ರತಿಕಾಯ ಬಂದಿದೆ ಅಂತ ಅಳೆಯೋದು); 10 mIU/mL ಅಥವಾ ಅದಕ್ಕಿಂತ ಜಾಸ್ತಿ ಬಂದರೆ ರಕ್ಷಣೆ ಇದೆ ಅಂತ ಲೆಕ್ಕ.