ಸಹಾಯ ಬೇಕು: ಕಾರವಾರದಲ್ಲಿ ಫುಟ್‌ಪಾತ್ ಅಳೆಯಲು ನಾಲ್ಕು ಜನ

ನಮಸ್ಕಾರ. ನಾನು ಕೋಡಿಬಾಗದವಳು, ಪೇಟೆಗೆ ನಡೆದೇ ಹೋಗುವುದು. ಕಳೆದ ವಾರ ಅಮ್ಮನ ಕಾಲು ಫುಟ್‌ಪಾತಿನ ಒಡೆದ ಚಪ್ಪಡಿಯೊಳಗೆ ಹೋಯಿತು. ಮೂಳೆ ಮುರಿಯಲಿಲ್ಲ, ಪುಣ್ಯ. ಬಂಗಡೆ ಚೀಲ ಮಾತ್ರ ಗಟಾರದ ಪಾಲು. ಮರುದಿನ ಯಾರೋ ಆ ಗುಂಡಿಗೆ ತೆಂಗಿನ ಗರಿ ಚುಚ್ಚಿಟ್ಟರು. ಇವತ್ತಿಗೂ ಅಷ್ಟೇ ರಿಪೇರಿ!

ಸುಮ್ನೆ 'ಸರಿ ಮಾಡಿ' ಅಂತ ಅರ್ಜಿ ಕೊಟ್ಟರೆ ಯಾರೂ ಕೇಳುವುದಿಲ್ಲ, ಅಲ್ವಾ? ಎರಡು ಸಲ ಕೊಟ್ಟು ನೋಡಿದೆ. ಅಳತೆ ಬೇಕು. ರಸ್ತೆಗಳ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಖಾಲಿ ಇರಬೇಕು, ಅಂದರೆ ಎರಡು ವೀಲ್‌ಚೇರ್ ಪಕ್ಕಪಕ್ಕ ಹೋಗುವಷ್ಟು. ಅಂಚಿನ ಎತ್ತರ 15 ಸೆಂಟಿಮೀಟರ್ ದಾಟಬಾರದು. ನಮ್ಮಲ್ಲಿ ಕರೆಂಟ್ ಕಂಬ, ನಿಲ್ಲಿಸಿದ ಬೈಕು ಕಳೆದರೆ ಎಷ್ಟು ಉಳಿಯುತ್ತದೋ!

ಭಾನುವಾರ ಬೆಳಿಗ್ಗೆ 6.30ಕ್ಕೆ ಟ್ಯಾಗೋರ್ ಕಡಲತೀರದ ಯುದ್ಧನೌಕೆ ಮ್ಯೂಸಿಯಂ ಎದುರು ಸಿಗೋಣ. ಟೇಪು ನನ್ನ ಹತ್ತಿರ ಇದೆ. ಫೋಟೊ ತೆಗೆಯುವವರು, ಬರೆದುಕೊಳ್ಳುವವರು ಬೇಕು. ಮಕ್ಕಳನ್ನು ಸೈಕಲ್‌ನಲ್ಲಿ ಶಾಲೆಗೆ ಕಳಿಸುವವರು ಬಂದರೆ ಇನ್ನೂ ಒಳ್ಳೆಯದು. ಹೆದ್ದಾರಿ ದಾಟುವ ಕಷ್ಟ ಅವರಿಗೇ ಜಾಸ್ತಿ ಗೊತ್ತು.

ಮಾಹಿತಿ ಹಕ್ಕಿನ ಅರ್ಜಿ ಬರೆದು ರೂಢಿ ಇದ್ದವರು ದಯವಿಟ್ಟು ಕಾಮೆಂಟ್ ಮಾಡಿ. 10 ರೂಪಾಯಿ ಶುಲ್ಕ ನಂದು. ಮಳೆ ಬಂದರೆ ಮುಂದಿನ ಭಾನುವಾರ.