20 ನಿಮಿಷಕ್ಕೇ ಬೋರ್‌ನಲ್ಲಿ ಗಾಳಿ ಬರುತ್ತಿದೆ, 3 ಎಚ್‌ಪಿ ಹಾಕಿಸಲಾ?

ಪ್ರಶ್ನೆ: ಸರ್, ನಮ್ಮದು ತುಮಕೂರು. ಮನೆ ಬೋರ್ 420 ಅಡಿ, ಆರೂವರೆ ಇಂಚಿನದು. 380 ಅಡಿಗೆ 2 ಎಚ್‌ಪಿ ಸಬ್‌ಮರ್ಸಿಬಲ್ ಇಳಿಸಿದ್ದಾರೆ. ಮೊದಲು ಟ್ಯಾಂಕ್ ಒಂದೇ ಸಲಕ್ಕೆ ತುಂಬುತ್ತಿತ್ತು. ಈ ಬೇಸಿಗೆಯಲ್ಲಿ 20 ನಿಮಿಷ ಜೋರಾಗಿ ಬರುತ್ತದೆ, ಆಮೇಲೆ ಬುಸ್ ಬುಸ್ ಅಂತ ಬರೀ ಗಾಳಿ. ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಮತ್ತೆ ನೀರು. ಮೋಟರ್ ವೀಕ್ ಆಗಿದೆ, 3 ಎಚ್‌ಪಿ ಹಾಕಿಸಿ ಅಂತಾರೆ ಪಕ್ಕದ ಮನೆಯವರು.

ಉತ್ತರ (ಪಂಪ್ ಮೆಕ್ಯಾನಿಕ್): ಬೇಡ ಮೇಡಂ. 20 ನಿಮಿಷ ಜೋರಾಗಿ ಎತ್ತುವ ಮೋಟರ್ ವೀಕ್ ಹೇಗಾಗುತ್ತದೆ? ಕಡಿಮೆಯಾಗಿರುವುದು ಸೆಲೆ.

ನಮ್ಮ ಕಡೆ ಕೆಳಗಿರುವುದು ಗಟ್ಟಿ ಕಲ್ಲು. ಅದರ ಬಿರುಕುಗಳಿಂದ ಜಿನುಗಿದ ನೀರು ಬೋರ್‌ನಲ್ಲಿ ನಿಲ್ಲುತ್ತದೆ. ಆರೂವರೆ ಇಂಚಿನ ಬೋರ್‌ನಲ್ಲಿ ಒಂದು ಅಡಿಗೆ ಹೆಚ್ಚುಕಮ್ಮಿ ಆರೂವರೆ ಲೀಟರ್. ಪಂಪಿನ ಮೇಲೆ 100 ಅಡಿ ನಿಂತಿದ್ದರೆ ಸುಮಾರು 650 ಲೀಟರ್ ಆಯಿತು. ಅದು ಖಾಲಿಯಾದ ಮೇಲೆ ಸೆಲೆ ಕೊಟ್ಟಷ್ಟೇ. 3 ಎಚ್‌ಪಿ ಹಾಕಿದರೆ ಗಾಳಿ ಇನ್ನೂ ಬೇಗ ಬರುತ್ತದೆ, ದುಡ್ಡು ದಂಡ.

ಗಾಳಿ ಬಂದ ಮೇಲೂ ಓಡಿಸಬೇಡಿ, ಇದು ಮುಖ್ಯ. ಸುತ್ತ ಹರಿಯುವ ನೀರೇ ಈ ಮೋಟರನ್ನು ತಣ್ಣಗಿಡುವುದು. ವೈಂಡಿಂಗ್ ಸುಟ್ಟರೆ 380 ಅಡಿ ಪೈಪು ಪೂರ್ತಿ ಎತ್ತಬೇಕು. ಸ್ಟಾರ್ಟರ್ ಮೇಲಿನ ಆಂಪ್ಸ್ ಮೀಟರ್ ನೋಡಿ. ಗಾಳಿ ಎಳೆದಾಗ ಮುಳ್ಳು ಕೆಳಗಿಳಿಯುತ್ತದೆ, ಎತ್ತಲು ಭಾರವಿಲ್ಲ ಅಲ್ವಾ. ಡ್ರೈ ರನ್ ಪ್ರಿವೆಂಟರ್ ಇದನ್ನೇ ನೋಡಿ ಮೋಟರ್ ಆಫ್ ಮಾಡುತ್ತದೆ. ಮೊದಲು ಅದನ್ನು ಹಾಕಿಸಿ.

ಆಮೇಲೆ ಸೆಲೆ ಅಳೆಯಿರಿ. ಗಾಳಿ ಬಂದಾಗ ಆಫ್ ಮಾಡಿ. ಸರಿಯಾಗಿ ಒಂದು ಗಂಟೆ ಬಿಟ್ಟು, ಮತ್ತೆ ಗಾಳಿ ಬರುವ ತನಕ 200 ಲೀಟರ್ ಡ್ರಮ್ಮಿಗೆ ಹಿಡಿಯಿರಿ. ಸಿಕ್ಕಿದಷ್ಟೇ ನಿಮ್ಮ ಬೋರ್ ಒಂದು ಗಂಟೆಗೆ ಕೊಡುವ ನೀರು. ಗಾಳಿ ಬರುವ ಎರಡು ನಿಮಿಷ ಮುಂಚೆಯೇ ನಿಲ್ಲುವ ಹಾಗೆ ಟೈಮರ್ ಇಟ್ಟರೆ ದಿನಕ್ಕೆ ಬೇಕಾದಷ್ಟು ಕಂತಿನಲ್ಲಿ ತುಂಬಿಸಬಹುದು.

ಪ್ರಶ್ನೆ: ಸರಿ ಸರ್. ಇನ್ನೊಂದು, ಆಫ್ ಮಾಡಿದ ತಕ್ಷಣ ಪೈಪಿನಲ್ಲಿ ನೀರು ವಾಪಸ್ ಇಳಿಯುವ ಸದ್ದು ಬರುತ್ತದೆ.

ಉತ್ತರ: ಪಂಪಿನ ತಲೆ ಮೇಲಿನ ಎನ್‌ಆರ್‌ವಿ, ಅಂದರೆ ನೀರನ್ನು ವಾಪಸ್ ಇಳಿಯಲು ಬಿಡದ ವಾಲ್ವ್, ಹಿಡಿಯುತ್ತಿಲ್ಲ, ಇಲ್ಲವೇ ಪೈಪು ತೂತಾಗಿದೆ. ಓಡುವಾಗ ಕೇಸಿಂಗ್ ಒಳಗೆ ನೀರು ಚಿಮ್ಮುವ ಸದ್ದಿದ್ದರೆ ತೂತೇ. ವಾಲ್ವ್ ಹೋಗಿದ್ದರೆ, ಇಳಿಯುವ ನೀರು ಪಂಪನ್ನು ಉಲ್ಟಾ ತಿರುಗಿಸುತ್ತದೆ. ಆಗಲೇ ಆನ್ ಮಾಡಿದರೆ ಶಾಫ್ಟ್ ಮುರಿಯಬಹುದು. ಕರೆಂಟ್ ಹೋಗಿ ಬಂದಾಗಲೂ ಐದು ನಿಮಿಷ ತಡೆಯಿರಿ.

ಇನ್ನೊಬ್ಬರ ಪ್ರಶ್ನೆ: ಅಣ್ಣ, ನಮ್ಮ ಬೋರ್‌ನಲ್ಲಿ ನೀರು ಭರ್ತಿ ಇದೆ, ಆದರೂ ಶವರ್‌ನಲ್ಲಿ ಸಣ್ಣಗೆ ಬರುತ್ತದೆ. ಬೋರ್ ಮೋಟರ್ ದೊಡ್ಡದು ಮಾಡಿಸಲಾ?

ಉತ್ತರ: ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಟ್ಯಾಂಕ್ ತುಂಬಿಸಿದರೆ ಬೋರ್ ಮೋಟರ್ ಕೆಲಸ ಮುಗಿಯಿತು. ಶವರ್‌ಗೆ ಬರುವುದು ಟ್ಯಾಂಕ್ ಎತ್ತರದ ಒತ್ತಡ. 10 ಮೀಟರ್ ಎತ್ತರಕ್ಕೆ ಒಂದು ಬಾರ್ ಸಿಗುತ್ತದೆ, ಶವರ್‌ಗಿಂತ ಟ್ಯಾಂಕ್ 3 ಮೀಟರ್ ಮೇಲಿದ್ದರೆ 0.3 ಮಾತ್ರ. ಮೊದಲು ಶವರ್ ಬಿಚ್ಚಿ ಉಪ್ಪು ಕಟ್ಟಿದೆಯಾ ನೋಡಿ. ಇಲ್ಲದಿದ್ದರೆ ಟ್ಯಾಂಕ್ ಪಕ್ಕ ಒಂದು ಚಿಕ್ಕ ಪ್ರೆಷರ್ ಪಂಪ್ ಹಾಕಿಸಿ, ಅರ್ಧ ಎಚ್‌ಪಿ ಸಾಕು.